ಅಮ್ಮನ ಕೋಣೆಯ ಹೀಟರ್

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ದಿಲ್ಲಿಯಲ್ಲಿ ಭಾರಿ ಚಳಿಯಂತೆ, ಹೇಗೆ ತಡ್ಕೊಳ್ತೀರಿ ಮಾರಾಯ್ರೆ?" ನಾನು ಇಪ್ಪತ್ತೆರಡು ವರ್ಷದಿಂದ ಒಂದೇ ಉತ್ತರ ಕೊಡುತ್ತಾ ಬಂದಿದ್ದೇನೆ. ಹೊರಗಿನ ಚಳಿ ತಡೆಯಬಹುದು, ಮನೆಯೊಳಗಿನ ಚಳಿ ತಡೆಯೋದು ಕಷ್ಟ. ಕೇಳಿದವರು ನಗುತ್ತಾರೆ. ಆದರೆ ಇದು ತಮಾಷೆಯ ಮಾತಲ್ಲ. ಜನವರಿಯಲ್ಲಿ ಬಿಸಿಲು ಬಿದ್ದ ದಿನ ಮಧ್ಯಾಹ್ನ ಪಾರ್ಕಿನಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದರೆ ಸ್ವರ್ಗ. ಅಲ್ಲಿಂದ ಎದ್ದು ಮನೆಯೊಳಗೆ ಕಾಲಿಟ್ಟರೆ ನೆಲ ಮಂಜುಗಡ್ಡೆ. ನಮ್ಮ ಫ್ಲ್ಯಾಟುಗಳನ್ನು ಕಟ್ಟಿದವರು ಮೇ ತಿಂಗಳ 45 ಡಿಗ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ್ದಾರೆ. ಒಂದೇ ಪದರದ ಗಾಜಿನ ಕಿಟಕಿ, ಬಾಗಿಲಿನ ಕೆಳಗೆ ಒಂದು ಬೆರಳು ಹೋಗುವಷ್ಟು ಸಂದು, ಬಿಸಿಯನ್ನು ಹಿಡಿದಿಡದ ಇಟ್ಟಿಗೆ ಗೋಡೆ. ಇಡೀ ಕಟ್ಟಡವನ್ನು ಬೆಚ್ಚಗಿಡುವ ವ್ಯವಸ್ಥೆ ಇಲ್ಲಿಲ್ಲ. ಯಾರ ಕೋಣೆ ಅವರ ಹೀಟರ್, ಯಾರ ಬಿಲ್ ಅವರ ತಲೆನೋವು.

ನಾನು ವೃತ್ತಿಯಿಂದ ಲೆಕ್ಕದವನು. ಬೇರೆಯವರ ಖರ್ಚುವೆಚ್ಚ ನೋಡಿ ಸಂಬಳ ಎಣಿಸುವವನು ಮನೆಯ ಖರ್ಚನ್ನು ಬಿಡುತ್ತಾನೆಯೇ? ಕರೆಂಟ್ ಬಿಲ್ಲಿನ ವಿಷಯದಲ್ಲಂತೂ ನನಗೊಂದು ಗೀಳೇ ಇತ್ತು. ದೆಹಲಿಯಲ್ಲಿರುವವರಿಗೆ ಇದರ ಮರ್ಮ ಗೊತ್ತು. ತಿಂಗಳಿಗೆ 200 ಯೂನಿಟ್ ಒಳಗಿದ್ದರೆ ಬಿಲ್ ಸೊನ್ನೆ. 201ರಿಂದ 400ರ ತನಕ ಅರ್ಧ ಮಾಫಿ, ಅದೂ 800 ರೂಪಾಯಿಯ ಮಿತಿಯೊಳಗೆ. 401ನೇ ಯೂನಿಟ್ ಬಿತ್ತೋ, ಮಾಫಿ ಪೂರ್ತಿ ಮಾಯ. ಹಾಗಾಗಿ 400 ಎನ್ನುವುದು ನಮ್ಮ ಮನೆಯಲ್ಲಿ ಲಕ್ಷ್ಮಣರೇಖೆ. ಡಿಸೆಂಬರ್ ಬಂತೆಂದರೆ ನಾನು ಎರಡು ದಿನಕ್ಕೊಮ್ಮೆ ಮೀಟರ್ ನೋಡಿ ಬರುತ್ತಿದ್ದೆ. ಬಂದವನು ಹಾಲಿನಲ್ಲಿ ನಿಂತು ಒಂದು ಸಣ್ಣ ಭಾಷಣ ಮಾಡುತ್ತಿದ್ದೆ. "ಎರಡು ಸಾವಿರ ವ್ಯಾಟಿನ ಬ್ಲೋವರ್ ಒಂದು ಗಂಟೆ ಉರಿದರೆ ಎರಡು ಯೂನಿಟ್. ರಾತ್ರಿಯಿಡೀ ಎಂಟು ಗಂಟೆ ಬಿಟ್ಟರೆ 16 ಯೂನಿಟ್. ತಿಂಗಳಿಗೆ 480. ಅಂದರೆ ಬ್ಲೋವರ್ ಒಂದೇ ನಾನ್ನೂರು ದಾಟುತ್ತದೆ!" ಹೆಂಡತಿ ಮತ್ತು ಮಗಳು ಈ ಭಾಷಣವನ್ನು ಟಿ.ವಿ. ಜಾಹೀರಾತಿನಂತೆ ಕೇಳಿಸಿಕೊಳ್ಳದೆ ಬಿಡುವುದನ್ನು ಕಲಿತಿದ್ದರು. ಕೇಳಿಸಿಕೊಂಡವರು ಒಬ್ಬರೇ, ಅಮ್ಮ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮೊದಲ ಬಾರಿಗೆ ಚಳಿಗಾಲದಲ್ಲಿ ದೆಹಲಿಗೆ ಬಂದದ್ದು 2022ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಬಂದಾಗಲೆಲ್ಲ ಮಾರ್ಚ್ ಇಲ್ಲವೇ ಅಕ್ಟೋಬರ್, ಹದಿನೈದು ದಿನ ಇದ್ದು ತೋಟದ ನೆಪ ಹೇಳಿ ಹೊರಟುಬಿಡುವರು. ಈ ಸಲ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಒಬ್ಬರೇ ಇರುವುದು ಬೇಡವೆಂದು ನಾನೇ ಹಟ ಹಿಡಿದು ಕರೆತಂದೆ. ಎಪ್ಪತ್ತನಾಲ್ಕು ವರ್ಷ, ಸ್ವಲ್ಪ ಬಿ.ಪಿ. ಬಿಟ್ಟರೆ ಗಟ್ಟಿ ಜೀವ. "ಎಂತ ಚಳಿ ಅಂತೀಯಾ, ನಮ್ಮಲ್ಲೂ ಧನುರ್ಮಾಸದಲ್ಲಿ ಚಳಿ ಇರ್ತದೆ" ಅಂದಿದ್ದರು. ನಿಜ, ಇರುತ್ತದೆ. ಆದರೆ ಅಲ್ಲಿ ಬಚ್ಚಲೊಲೆಯೂ ಇರುತ್ತದೆ.

ಮಲೆನಾಡಿನವರಿಗೆ ಬಚ್ಚಲೊಲೆಯ ವಿಷಯ ಬಿಡಿಸಿ ಹೇಳಬೇಕಿಲ್ಲ. ಗಾರೆಯಲ್ಲಿ ಕೂರಿಸಿದ ದೊಡ್ಡ ತಾಮ್ರದ ಹಂಡೆ, ಕೆಳಗೆ ಒಲೆ, ಅದಕ್ಕೆ ಅಡಿಕೆ ಸಿಪ್ಪೆ, ತೆಂಗಿನ ಗರಿ, ತೋಟದ ಕಸಕಡ್ಡಿ. ಬೆಳಗ್ಗೆ ಹೊತ್ತಿಸಿದರೆ ರಾತ್ರಿಯವರೆಗೂ ಕೆಂಡ ಆರದು. ಚಿಕ್ಕಂದಿನಲ್ಲಿ ನಮಗೆ ಅದೇ ಹೀಟರ್, ಅದೇ ಗೀಸರ್. ಶಾಲೆಗೆ ಹೋಗುವ ಮುಂಚೆ ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಕೈ ಕಾಸಿಕೊಳ್ಳುವುದು, ಹಲಸಿನ ಬೀಜ ಸುಡುವುದು. ಅಡುಗೆಮನೆಗೆ ಎಂಬತ್ತರ ದಶಕದಲ್ಲಿ ಅಸ್ತ್ರ ಒಲೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು ರೂಪಿಸಿದ್ದು. ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಹೋಗಲು ಕೊಳವೆ. ಕಟ್ಟಿಗೆ ಉಳಿತಾಯವಾಗುತ್ತದೆ ಎಂದು ಅಪ್ಪ ಹಾಕಿಸಿದರು. ಅಮ್ಮನಿಗೆ ಕಟ್ಟಿಗೆಗಿಂತ ಕಣ್ಣು ಉರಿಯದೇ ಇದ್ದದ್ದು ದೊಡ್ಡದಾಯಿತು. "ಹೊಗೆ ಹೊರಗೆ ಹೋದ್ರೆ ಸೈ, ಒಲೆ ಒಳ್ಳೇದು" ಎನ್ನುವುದು ಅಂದಿನಿಂದ ಅವರ ತೀರ್ಮಾನ. ಈ ಮಾತನ್ನು ಮತ್ತೆ ನೆನೆಯಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಅಮ್ಮನ ಕೋಣೆಗೆ ನಾನು ಹಳೆಯ ಬ್ಲೋವರ್ ಇಟ್ಟುಕೊಟ್ಟಿದ್ದೆ. ಒಂದೆರಡು ದಿನ ಹಾಕಿಕೊಂಡರು. ಆಮೇಲೆ ಅದು ಮೂಲೆ ಸೇರಿತು. ಕೇಳಿದರೆ, "ಅದರ ಸದ್ದಿಗೆ ನಿದ್ದೆ ಬರೋಲ್ಲ, ಎರಡು ರಗ್ಗು ಹೊದ್ರೆ ಸಾಕು" ಎಂದರು. ನನಗೆ ಒಳಗೊಳಗೆ ಖುಷಿಯೇ ಆಯಿತು ಎಂದು ಈಗ ಒಪ್ಪಿಕೊಳ್ಳಬೇಕು. ಆ ತಿಂಗಳ ಬಿಲ್ 388 ಯೂನಿಟ್‌ಗೆ ನಿಂತಿತ್ತು. ಹೆಂಡತಿಗೆ ತೋರಿಸಿ ಬೀಗಿದ್ದೆ.

ಜನವರಿ ಬಂತು. ಸೂರ್ಯ ಕಾಣದ ದಿನಗಳು, ಎದುರಿನ ಕಟ್ಟಡವೂ ಕಾಣದ ಮಂಜು. 2023ರ ಜನವರಿ 8, ಭಾನುವಾರ. ಆ ಬೆಳಗ್ಗೆ ಸಫ್ದರ್‌ಜಂಗ್‌ನಲ್ಲಿ ಉಷ್ಣಾಂಶ ಎರಡು ಡಿಗ್ರಿಗಿಂತಲೂ ಕೆಳಗಿಳಿದಿತ್ತು. ಅಮ್ಮ ಮೂರ್ನಾಲ್ಕು ದಿನದಿಂದ ಬೆಳಗ್ಗೆ ಎದ್ದಾಗ ತಲೆನೋವು ಎನ್ನುತ್ತಿದ್ದರು. ಚಳಿಗಾಳಿ ತಲೆಗೆ ಹೊಡೆದಿದೆ ಎಂದು ನಾನೇ ರೋಗ ಪತ್ತೆ ಮಾಡಿ ಅಮೃತಾಂಜನ ಹಚ್ಚಿ, ಅದಕ್ಕೊಂದು ಪರಿಹಾರವನ್ನೂ ಹುಡುಕಿದೆ. ಶಕ್ತಿ ಉಳಿತಾಯದ ಮೊದಲ ಪಾಠವೇ ಸಂದು ಮುಚ್ಚುವುದು ಎಂದು ಓದಿದ್ದೆ. ಆ ಭಾನುವಾರ ಮಧ್ಯಾಹ್ನ ಸ್ಪಂಜಿನ ಅಂಟುಪಟ್ಟಿ ತಂದು ಅಮ್ಮನ ಕೋಣೆಯ ಕಿಟಕಿಯ ನಾಲ್ಕೂ ಅಂಚಿಗೆ ಅಂಟಿಸಿದೆ. ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ ಹೊಡೆದೆ. ಗೋಡೆಯ ಮೇಲ್ಭಾಗದಲ್ಲಿ ಹಿಂದೆ ಎಕ್ಸಾಸ್ಟ್ ಫ್ಯಾನ್ ಇದ್ದ ತೂತಿಗೆ ರಟ್ಟು ಬಡಿದು ಟೇಪ್ ಸುತ್ತಿದೆ. ಒಟ್ಟು ಖರ್ಚು 340 ರೂಪಾಯಿ. ಊದುಬತ್ತಿ ಹಚ್ಚಿ ಕಿಟಕಿಯ ಬಳಿ ಹಿಡಿದೆ, ಹೊಗೆ ನೆಟ್ಟಗೆ ಮೇಲೆ ಹೋಯಿತು, ಒಂಚೂರೂ ಅಲುಗಲಿಲ್ಲ. "ನೋಡು, ಗಾಳಿ ಒಂದು ಎಳೆ ಒಳಗೆ ಬರೋಲ್ಲ" ಎಂದೆ. ಅಮ್ಮ ಮೆಚ್ಚಿಕೊಂಡು ತಲೆಯಾಡಿಸಿದರು.

ಅಮ್ಮ ನನಗೆ ಹೇಳದೇ ಇದ್ದ ಒಂದು ಸಂಗತಿ ಇತ್ತು. ನಮ್ಮ ಕಟ್ಟಡದ ಗೇಟಿನ ಹತ್ತಿರ ಇಸ್ತ್ರಿ ಮಾಡುವ ಹೆಂಗಸೊಬ್ಬಳಿದ್ದಾಳೆ. ಇಲ್ಲಿ ಇನ್ನೂ ಇದ್ದಿಲಿನ ಇಸ್ತ್ರಿಪೆಟ್ಟಿಗೆಯೇ ಹೆಚ್ಚು. ಅಮ್ಮನಿಗೆ ಹಿಂದಿ ಬಾರದು, ಅವಳಿಗೆ ಕನ್ನಡ ಗೊತ್ತಿಲ್ಲ, ಆದರೂ ಬಿಸಿಲು ಕಾಯಿಸುವ ನೆಪದಲ್ಲಿ ಇಬ್ಬರಿಗೂ ಗೆಳೆತನವಾಗಿತ್ತು. ಸಂಜೆ ಅವಳು ಕೆಲಸ ಮುಗಿಸುವಾಗ ಉಳಿಯುವ ಕೆಂಡವನ್ನು ಅಮ್ಮ ಒಂದು ಹಳೆಯ ಕಬ್ಬಿಣದ ಬಾಣಲೆಯಲ್ಲಿ ತುಂಬಿಸಿಕೊಂಡು, ಮೇಲೊಂದು ತಟ್ಟೆ ಮುಚ್ಚಿ, ಲಿಫ್ಟಿನಲ್ಲಿ ತರುತ್ತಿದ್ದರು. ಬಾಲ್ಕನಿಯಲ್ಲಿ ಇಟ್ಟಿದ್ದು ಎಲ್ಲರೂ ಮಲಗಿದ ಮೇಲೆ ಕೋಣೆಗೆ ತಂದು ಇನ್ನೊಂದಿಷ್ಟು ಇದ್ದಿಲು ಹಾಕಿ ಊದಿ, ಮಂಚದ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಉತ್ತರದವರ ಅಂಗೀಠಿ. ನಮ್ಮ ಅಗ್ಗಿಷ್ಟಿಕೆಯೂ ಅದೇ ಬೇರಿನ ಪದ. ನಾಲ್ಕು ದಿನದಿಂದ ಇದು ನಡೆದಿತ್ತು. ಆ ನಾಲ್ಕು ದಿನ ಅವರಿಗೆ ಬರೀ ತಲೆನೋವು ಬಂದು ಬಿಟ್ಟದ್ದಕ್ಕೆ ಕಾರಣ, ನಾನು ಶಪಿಸುತ್ತಿದ್ದ ಆ ಸಂದುಗಳು.

ರಾತ್ರಿ ಎರಡೂವರೆಗೆ ನೀರು ಕುಡಿಯಲೆಂದು ಎದ್ದೆ. ಅಮ್ಮನ ಕೋಣೆಯೊಳಗೆ ಏನೋ ಬಿದ್ದ ಸದ್ದು. ಕರೆದೆ, ಉತ್ತರವಿಲ್ಲ. ಬಾಗಿಲು ತಳ್ಳಿದರೆ ರಬ್ಬರ್ ಪಟ್ಟಿ ನೆಲಕ್ಕೆ ಕಚ್ಚಿಕೊಂಡು ಸರಾಗವಾಗಿ ತೆರೆಯಲಿಲ್ಲ. ಜೋರಾಗಿ ದೂಡಿದೆ. ಒಳಗೆ ಹಿತವಾದ ಬಿಸಿ. ಅಷ್ಟು ಬೆಚ್ಚಗಿನ ಕೋಣೆ ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ. ಬಾಣಲೆಯ ಕೆಂಡ ಮಂದವಾಗಿ ಹೊಳೆಯುತ್ತಿತ್ತು, ಹೊಗೆಯ ಸುಳಿವೇ ಇಲ್ಲ. ಅಮ್ಮ ಮಂಚದ ಅಂಚಿನಿಂದ ಕೆಳಗೆ ಜಾರಿ ಗೋಡೆಗೆ ಒರಗಿದ್ದರು. ಪಕ್ಕದಲ್ಲಿ ವಾಂತಿ. ಕಣ್ಣು ತೆರೆದಿದ್ದರೂ ನನ್ನನ್ನು ಗುರುತಿಸಿದಂತೆ ಕಾಣಲಿಲ್ಲ. ಅಪ್ಪನ ಹೆಸರು ಹಿಡಿದು ಏನೋ ಹೇಳಿದರು.

ಏನು ಮಾಡಿದೆ, ಯಾವ ಕ್ರಮದಲ್ಲಿ ಮಾಡಿದೆ ಎಂದು ಈಗಲೂ ಸರಿಯಾಗಿ ನೆನಪಿಲ್ಲ. ಅವರನ್ನು ಎಳೆದು ಹಾಲಿಗೆ ತಂದೆ. ಹೆಂಡತಿ ಬಾಲ್ಕನಿಯ ಬಾಗಿಲು ತೆರೆದಳು. ಎರಡು ಡಿಗ್ರಿಯ ಗಾಳಿ ಒಳಗೆ ನುಗ್ಗಿತು. ಮಗಳು ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ತಂದು ಅಜ್ಜಿಯ ಬೆರಳಿಗೆ ಹಾಕಿದಳು. 98 ತೋರಿಸಿತು. ಒಂದು ಕ್ಷಣ ಎಲ್ಲರಿಗೂ ಜೀವ ಬಂದಂತಾಯಿತು. ಆಮ್ಲಜನಕ ಸರಿಯಾಗಿದೆಯಲ್ಲ, ಸ್ವಲ್ಪ ಮಲಗಿಸೋಣ, ಬೆಳಗ್ಗೆ ನೋಡೋಣ ಎಂದು ನಾನೇ ಹೇಳಿದೆ. ಹೆಂಡತಿ ಒಪ್ಪಲಿಲ್ಲ. ಅವಳು ಒಪ್ಪದೇ ಇದ್ದದ್ದರಿಂದ ಈ ಲೇಖನ ಈ ಧಾಟಿಯಲ್ಲಿದೆ.

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ವೈದ್ಯೆ ಮಾಡಿದ ಮೊದಲ ಪ್ರಶ್ನೆ: "ಅಂಗೀಠಿ ಜಲಾಯಾ ಥಾ?" ಪ್ರತಿ ಚಳಿಗಾಲದಲ್ಲೂ ಅವರು ಕೇಳುವ ಪ್ರಶ್ನೆಯಂತೆ. ರಕ್ತ ತೆಗೆದರು, ಮುಖಕ್ಕೆ ಮಾಸ್ಕ್ ಹಾಕಿ ಪೂರ್ಣ ಪ್ರಮಾಣದ ಆಮ್ಲಜನಕ ಕೊಟ್ಟರು. ಆಕ್ಸಿಮೀಟರ್ 98 ತೋರಿಸಿತ್ತು ಎಂದೆ. ಅವರು ತಾಳ್ಮೆಯಿಂದ ವಿವರಿಸಿದರು. ಕೆಂಡ ಅರೆಬರೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದುಕೊಂಡ ರಕ್ತವೂ ಕೆಂಪಗೇ ಇರುತ್ತದೆ. ಬೆರಳಿನ ಆಕ್ಸಿಮೀಟರ್ ಬೆಳಕು ಹಾಯಿಸಿ ಬಣ್ಣ ನೋಡಿ ಲೆಕ್ಕ ಹಾಕುವ ಯಂತ್ರ, ಅದಕ್ಕೆ ಎರಡರ ವ್ಯತ್ಯಾಸ ತಿಳಿಯದು. ಉಸಿರು ಕಟ್ಟುತ್ತಿರುವವರಿಗೂ 98 ಎಂದೇ ತೋರಿಸುತ್ತದೆ. ಸಾಮಾನ್ಯ ಗಾಳಿಯಲ್ಲಿ ಈ ವಿಷ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಒಳಗೆ. ಅದಕ್ಕೇ ಬೆಳಗ್ಗೆಯವರೆಗೆ ಕಾಯುವ ರೋಗವಲ್ಲ ಇದು.

ಬೆಳಗಾಗುವಷ್ಟರಲ್ಲಿ ಅಮ್ಮ ನನ್ನನ್ನು ಗುರುತಿಸಿದರು. ಎರಡು ದಿನ ಇಟ್ಟುಕೊಂಡು, ಹೃದಯ ಮತ್ತು ನರಗಳ ಪರೀಕ್ಷೆ ಮಾಡಿ ಕಳಿಸಿದರು. ಮನೆಗೆ ಬರುವಾಗ ಕಾರಿನಲ್ಲಿ ನಾನು ಸಿಟ್ಟು ತಡೆಯಲಾರದೆ ಕೇಳಿಯೇಬಿಟ್ಟೆ. "ಹೊಗೆ ಹೋಗಲು ದಾರಿ ಬೇಕು ಅಂತ ಜನ್ಮವಿಡೀ ಹೇಳಿದವಳು ನೀನು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಕೊಂಡೆಯಲ್ಲ!"

"ಹೊಗೆ ಎಲ್ಲಿತ್ತು? ಹೊಗೆ ಬರ್ತಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಕಿಟಕಿಯ ಕಡೆ ನೋಡುತ್ತಾ, "ನೀನು ನಾನ್ನೂರು ನಾನ್ನೂರು ಅಂತ ಜಪ ಮಾಡ್ತಿದ್ದೆಯಲ್ಲೋ. ನಾನು ಬಂದು ಅದು ದಾಟೋದು ಬೇಡ ಅಂತ" ಎಂದರು.

ಮುಂದಿನ ಸಿಗ್ನಲ್‌ವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಆಮೇಲೆ ನಾನು ಹೀಟರ್ ಹುಡುಕಲು ಕೂತೆ. ಈ ಸಲ ಲೆಕ್ಕವನ್ನು ಇನ್ನೊಂದು ತುದಿಯಿಂದ ಶುರುಮಾಡಿದೆ. ಬಿಲ್ ಎಷ್ಟು ಬರಬೇಕು ಎಂದಲ್ಲ, ಕೋಣೆ ಎಷ್ಟು ಬೆಚ್ಚಗಿರಬೇಕು ಎಂದು. ವಿಶ್ವ ಆರೋಗ್ಯ ಸಂಸ್ಥೆ ಚಳಿಯ ಪ್ರದೇಶದ ಮನೆಗಳಿಗೆ ಹೇಳುವುದು ಕನಿಷ್ಠ 18 ಡಿಗ್ರಿ. ವಯಸ್ಸಾದವರಿಗೆ, ಬಿ.ಪಿ. ಇರುವವರಿಗೆ ಅದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು. ಮುನ್ನೂರು ರೂಪಾಯಿಯ ಥರ್ಮಾಮೀಟರ್ ತಂದು ಅಮ್ಮನ ಕೋಣೆಯಲ್ಲಿ ತೂಗುಹಾಕಿದೆ. ಬೆಳಗಿನ ಜಾವ 11 ಡಿಗ್ರಿ ತೋರಿಸಿತು. ಒಂದು ತಿಂಗಳು ಅವರು ಅದರಲ್ಲೇ ಮಲಗಿದ್ದರು. ಮೀಟರನ್ನು ಎರಡು ದಿನಕ್ಕೊಮ್ಮೆ ನೋಡುತ್ತಿದ್ದ ನಾನು ಇದನ್ನೊಂದು ಸಲವೂ ಅಳೆದಿರಲಿಲ್ಲ.

ಹೀಟರುಗಳ ವಿಷಯದಲ್ಲಿ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ, ಉತ್ತರದಲ್ಲಿರುವ ಯಾರಿಗಾದರೂ ಉಪಯೋಗವಾದೀತು. ಅಂಗಡಿಯವರು ಏನೇ ಹೇಳಲಿ, ಕರೆಂಟಿನ ತಂತಿ ಕಾಯಿಸುವ ಎಲ್ಲ ಹೀಟರೂ ಒಂದೇ ಜಾತಿ. ಬ್ಲೋವರ್ ಇರಲಿ, ಕೆಂಪಗೆ ಹೊಳೆಯುವ ರಾಡ್ ಇರಲಿ, ಎಣ್ಣೆ ತುಂಬಿದ ರೇಡಿಯೇಟರ್ ಇರಲಿ, ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ವ್ಯತ್ಯಾಸವಿರುವುದು ಆ ಶಾಖ ಎಲ್ಲಿಗೆ ಹೋಗುತ್ತದೆ ಎನ್ನುವುದರಲ್ಲಿ. ರಾಡ್ ಎದುರು ಕೂತವರ ಮೈಯನ್ನು ನೇರವಾಗಿ ಕಾಯಿಸುತ್ತದೆ, ಅರ್ಧ ಗಂಟೆ ಓದಲು, ಸ್ನಾನ ಮುಗಿಸಿ ಬಂದಾಗ ಮೈ ಬೆಚ್ಚಗಾಗಲು ಸಾಕು. ಬ್ಲೋವರ್ ಬೇಗ ಬಿಸಿ ಕೊಡುತ್ತದೆ, ಆರಿಸಿದೊಡನೆ ಬಿಸಿಯೂ ಹೋಗುತ್ತದೆ. ರೇಡಿಯೇಟರ್ ನಿಧಾನವಾಗಿ ಕಾಯುತ್ತದೆ, ಸದ್ದಿಲ್ಲ, ಬೆಂಕಿಯ ಕೆಂಪಿಲ್ಲ, ಥರ್ಮೋಸ್ಟಾಟ್ ತಾನಾಗಿ ಆರಿಸಿ ಹೊತ್ತಿಸುತ್ತದೆ. ಮಲಗುವ ಕೋಣೆಗೆ ತಂತಿಯ ಜಾತಿಯಲ್ಲಿ ಅದೇ ಲೇಸು. ಒಳಗಿನ ಎಣ್ಣೆ ಮುಚ್ಚಿದ್ದೇ ಇರುತ್ತದೆ, ಬದಲಾಯಿಸಬೇಕಿಲ್ಲ. ಇವು ಯಾವುವೂ ಆಮ್ಲಜನಕ ತಿನ್ನುವುದಿಲ್ಲ, ಉರಿಯುವ ವಸ್ತು ಇದ್ದರೆ ತಾನೇ ತಿನ್ನುವುದು! ಗಂಟಲು ಒಣಗುವುದು ಗಾಳಿ ಬಿಸಿಯಾದಾಗ ಅದರ ತೇವಾಂಶದ ಪ್ರಮಾಣ ಇಳಿಯುವುದರಿಂದ. ಒಂದು ಅಗಲ ಪಾತ್ರೆಯಲ್ಲಿ ನೀರಿಟ್ಟರೆ ಸ್ವಲ್ಪ ಹಿತ.

ಇನ್ನೊಂದು ಜಾತಿ ಬಿಸಿಗಾಳಿಯನ್ನೂ ಕೊಡುವ ಇನ್ವರ್ಟರ್ ಎ.ಸಿ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಫ್ರಿಜ್ಜಿನ ಒಳಗಿನ ಶಾಖ ಹಿಂಬದಿಗೆ ಬರುವುದಿಲ್ಲವೇ, ಹಾಗೆ. ಹೊರಗಿನ ಐದು ಡಿಗ್ರಿ ಗಾಳಿಯಲ್ಲೂ ಶಾಖವಿದೆ, ಅದನ್ನು ಎಳೆದು ಒಳಗೆ ತರುತ್ತದೆ. ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಎರಡರಿಂದ ಮೂರು ಯೂನಿಟ್ ಶಾಖ ಸಿಗುತ್ತದೆ. ನಾನು ಮೊದಲು ಸಾಲ ತಂದ ರೇಡಿಯೇಟರ್ ಇಟ್ಟು, ನಂತರ ಒಂದು ಟನ್ನಿನ ಎ.ಸಿ. ಹಾಕಿಸಿ, ಎರಡನ್ನೂ ಅದೇ ಕೋಣೆಯಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 19 ಡಿಗ್ರಿಗೆ ಇಟ್ಟು ಮೀಟರ್ ಬರೆದುಕೊಂಡೆ. ರೇಡಿಯೇಟರಿಗೆ ಒಂಬತ್ತು ಯೂನಿಟ್ ಆಸುಪಾಸು, ಎ.ಸಿ.ಗೆ ನಾಲ್ಕು. ಎ.ಸಿ. ಬೆಲೆ ದುಬಾರಿ, ನಿಜ. ಆದರೆ ಬೇಸಿಗೆಗೂ ಅದೇ ಆಗುತ್ತದೆ. ಕೊಳ್ಳುವಾಗ ಒಂದು ಎಚ್ಚರ ಬೇಕು. ಮೇಲಂಟಿಸಿದ ನಕ್ಷತ್ರಗಳು ತಂಪು ಮಾಡುವ ಸಾಮರ್ಥ್ಯಕ್ಕೆ ಕೊಟ್ಟವು. ಬಿಸಿ ಮಾಡುವಾಗ ಎಷ್ಟು ಕರೆಂಟ್ ಎಳೆಯುತ್ತದೆ, ಹೊರಗೆ ಎಷ್ಟು ಡಿಗ್ರಿಯವರೆಗೆ ಕೆಲಸ ಮಾಡುತ್ತದೆ ಎನ್ನುವುದನ್ನು ಕಂಪನಿಯ ಪುಸ್ತಿಕೆಯಲ್ಲಿ ನೋಡಬೇಕು.

ಹಾಸಿಗೆಯ ಮೇಲೆ ಹಾಸುವ ವಿದ್ಯುತ್ ಕಂಬಳಿಯ ಪ್ರಸ್ತಾಪವನ್ನೂ ಇಟ್ಟೆ. ಒಬ್ಬರದ್ದಾದರೆ ನೂರು ವ್ಯಾಟಿಗೂ ಕಡಿಮೆ, ಇಡೀ ಕೋಣೆ ಕಾಯಿಸುವುದಕ್ಕಿಂತ ಎಷ್ಟೋ ಅಗ್ಗ. "ಕರೆಂಟಿನ ಮೇಲೆ ಮಲಗೋದಾ? ನೀ ಬೇಕಾದ್ರೆ ಮಲಗು" ಎಂದರು. ಅಲ್ಲಿಗೆ ಅದು ಮುಗಿಯಿತು. ಬಿಸಿನೀರಿನ ಚೀಲ ಮಾತ್ರ ಒಪ್ಪಿದರು.

ಕೊಂಡರೆ ಆಗಲಿಲ್ಲ, ನೋಡಿಕೊಳ್ಳಬೇಕು. ಎ.ಸಿ. ಹಾಕಿಸಿದ ಮೊದಲ ವಾರ ಅಮ್ಮ "ಇದು ನಡುವೆ ನಡುವೆ ಸುಮ್ಮನಾಗ್ತದೆ, ತಣ್ಣಗಾಗ್ತದೆ" ಎಂದು ದೂರಿದರು. ಮೆಕ್ಯಾನಿಕ್ ಬಂದು ನೋಡಿ ನಕ್ಕ. ಮಂಜಿನ ರಾತ್ರಿಗಳಲ್ಲಿ ಹೊರಗಿನ ಪೆಟ್ಟಿಗೆಯ ಮೇಲೆ ಹಿಮ ಕಟ್ಟುತ್ತದೆ, ಅದನ್ನು ಕರಗಿಸಲು ಯಂತ್ರ ಕೆಲವು ನಿಮಿಷ ನಿಲ್ಲುತ್ತದೆ, ಅದು ಕೆಡುಕಲ್ಲ. ಆದರೆ ಹೊರಗಿನ ಪೆಟ್ಟಿಗೆಗೆ ನಾನು ಧೂಳು ಬೀಳದಿರಲೆಂದು ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಕೆಡುಕೇ, ಗಾಳಿಯಾಡದೆ ಹಿಮ ಇನ್ನಷ್ಟು ಕಟ್ಟುತ್ತಿತ್ತು. ತೆಗೆಸಿದ. ಫಿಲ್ಟರ್ ಎರಡು ವಾರಕ್ಕೊಮ್ಮೆ ತೊಳೆಯಬೇಕು, ದೆಹಲಿಯ ಧೂಳಿಗೆ ಅದೂ ತಡವೇ. ಬಿಸಿಗಾಳಿ ಮೇಲೆ ಹೋಗುವುದರಿಂದ ರೆಕ್ಕೆಗಳನ್ನು ನೆಲದ ಕಡೆ ತಿರುಗಿಸಿಡಬೇಕು. ಇಲ್ಲದಿದ್ದರೆ ಫ್ಯಾನಿಗೆ ಬೆಚ್ಚಗೆ, ನಮಗೆ ಚಳಿ.

ತಂತಿಯ ಹೀಟರಿಗೆ ಮುಖ್ಯವಾಗಿ ಪ್ಲಗ್ಗು ನೋಡಬೇಕು. ಎರಡು ಸಾವಿರ ವ್ಯಾಟಿನದು ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ. ಅದನ್ನು ದೊಡ್ಡ, 16 ಆಂಪಿಯರಿನ ಸಾಕೆಟ್ಟಿಗೇ ಹಾಕಬೇಕು. ಟಿ.ವಿ.ಗೆ ಬಳಸುವ ಎಕ್ಸ್‌ಟೆನ್ಶನ್ ಪೆಟ್ಟಿಗೆಗೆ ಸಿಕ್ಕಿಸಬಾರದು. ಮೂಲೆ ಸೇರಿದ್ದ ನಮ್ಮ ಬ್ಲೋವರಿನ ಪ್ಲಗ್ಗನ್ನು ಆಗಲೇ ತಿರುಗಿಸಿ ನೋಡಿದ್ದು, ಒಂದು ಕಾಲಿನ ಬುಡ ಕಂದಾಗಿ ಕರಗಿತ್ತು. ವರ್ಷವಿಡೀ ಅಟ್ಟದಲ್ಲಿದ್ದ ಹೀಟರನ್ನು ಧೂಳು ಒರೆಸದೆ ಹಾಕಬಾರದು, ಅದರ ಮೇಲೆ ಬಟ್ಟೆ ಒಣಗಿಸಬಾರದು. ಗೀಸರಿನದ್ದೂ ಒಂದು ಮಾತು. ಇಲ್ಲಿಯ ಬೋರಿನ ಗಡಸು ನೀರಿಗೆ ಒಳಗೆ ಸುಣ್ಣ ಕಟ್ಟುತ್ತದೆ, ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಸಿಯಮ್ ಸರಳೊಂದು ಒಳಗಿರುತ್ತದೆ. ನಮ್ಮದನ್ನು ಆರು ವರ್ಷದ ಮೇಲೆ ಬಿಚ್ಚಿಸಿದರೆ ಸರಳಿನ ಜಾಗದಲ್ಲಿ ಬರೀ ತಂತಿ ಉಳಿದಿತ್ತು.

ಸಂದು ಮುಚ್ಚಿದ ಪಟ್ಟಿಗಳ ಕತೆ? ಅವು ಈಗಲೂ ಇವೆ. ಉರಿಯುವುದು ಏನೂ ಇಲ್ಲದ ಕೋಣೆಯಲ್ಲಿ ಅವು ಬೇಕು, ಬಿಸಿ ಉಳಿಯುವುದೇ ಅವುಗಳಿಂದ. ಎಕ್ಸಾಸ್ಟಿನ ತೂತಿನ ರಟ್ಟನ್ನು ಮಾತ್ರ ಕಿತ್ತೆ, ಉಸಿರಾಡಲು ಅಷ್ಟು ಗಾಳಿ ಬೇಕು. ಗೋಡೆಯ ಮೇಲೆ ಕಾರ್ಬನ್ ಮಾನಾಕ್ಸೈಡ್ ಪತ್ತೆ ಮಾಡುವ ಸಣ್ಣ ಯಂತ್ರವೂ ಇದೆ. ಮುಂಬೈ, ಪುಣೆ, ಬೆಂಗಳೂರಿನವರು ಇದು ದಿಲ್ಲಿಯವರ ಗೋಳು ಎಂದು ಪುಟ ತಿರುವಬೇಡಿ. ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇದ್ದು ಕಿಟಕಿ ಮುಚ್ಚಿದ್ದರೆ ಅಲ್ಲಿ ಹುಟ್ಟುವುದೂ ಇದೇ ಅನಿಲ. ಅದು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ತಲೆನೋವು, ವಾಕರಿಕೆ, ತಲೆ ಸುತ್ತು, ಅದೂ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೇ ಬಂದರೆ ಅಮೃತಾಂಜನ ಹುಡುಕಬೇಡಿ. ಬಾಗಿಲು ತೆರೆದು ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಆಕ್ಸಿಮೀಟರನ್ನು ನಂಬಬೇಡಿ.

ಆ ಜನವರಿಯ ಬಿಲ್ 512 ಯೂನಿಟ್. ಮಾಫಿ ಹೋಯಿತು. ಅಮ್ಮನಿಗೆ ಸುಳ್ಳು ಹೇಳಿದೆ, 390 ಬಂದಿದೆ ಎಂದು. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ, "ಹಾಗಾದ್ರೆ ಇನ್ನೊಂದು ಡಿಗ್ರಿ ಜಾಸ್ತಿ ಇಡು" ಎಂದರು. ಆ ದಿನದಿಂದ ಮನೆಯಲ್ಲಿ ನಾನು ಹೀಟರಿನ ಲೆಕ್ಕವನ್ನು ಜೋರಾಗಿ ಹೇಳಿಲ್ಲ. ಹಾಕಿಕೊಳ್ಳಲು ಹಿರಿಯರು ಹೆದರುವ ಹೀಟರ್ ಎಷ್ಟು ಕರೆಂಟ್ ಉಳಿಸಿದರೇನು? ಊರಿನಿಂದ ಬಂದ ಅಪ್ಪ ಅಮ್ಮ ನಮ್ಮ ಮನೆಗಳಲ್ಲಿ ಅತಿಥಿಗಳಂತೆ ಇರುತ್ತಾರೆ. ಫ್ಯಾನ್, ಗೀಸರ್, ಹೀಟರ್ ಹಾಕಲು ನಮ್ಮ ಮುಖ ನೋಡುತ್ತಾರೆ. ಸಾಕು ಎಂದರೆ ಸಾಕಾಗಿದೆ ಎಂದಲ್ಲ. ಕೇಳುವುದಕ್ಕಿಂತ ಅವರ ಕೋಣೆಯಲ್ಲೊಂದು ಥರ್ಮಾಮೀಟರ್ ತೂಗುಹಾಕಿ, ರಾತ್ರಿ ಒಮ್ಮೆ ಹೋಗಿ ನೋಡಿ.

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದೆ. ಬೆಳಗ್ಗೆ ಬಚ್ಚಲಿಗೆ ಹೋದಾಗ ಹಂಡೆಯ ಕೆಳಗೆ ಅಡಿಕೆ ಸಿಪ್ಪೆಯ ಕೆಂಡ ಹಾಗೇ ಇತ್ತು. ತಲೆ ಎತ್ತಿದೆ. ಗೋಡೆಗೂ ಹೆಂಚಿಗೂ ನಡುವೆ ಸುತ್ತಲೂ ಒಂದು ಮೊಳ ತೆರವು, ಅಲ್ಲಿಂದ ಬೆಳಕು ಬರುತ್ತಿತ್ತು. ಚಿಕ್ಕಂದಿನಿಂದ ಅದನ್ನು ದುಡ್ಡು ಸಾಲದೆ ಅರ್ಧಕ್ಕೆ ಬಿಟ್ಟ ಗೋಡೆ ಎಂದೇ ತಿಳಿದಿದ್ದೆ. ಹೊರಗಿನಿಂದ ಅಮ್ಮ ಕೂಗಿದರು, "ನೀರು ಕಾದಿದೆಯೇನೋ?" ಕಾದಿದೆ ಎಂದೆ.